ದೋಸೆ ಭಟ್ಟರ ಶೀತ, ಸೊಂಟನೋವು ಮತ್ತು ಮೂರು ಸ್ಟ್ರಿಪ್ ಮಾತ್ರೆ

ಮಾಟುಂಗ ಪೂರ್ವದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿ ನೋಡಿಕೊಳ್ಳುವ ಭಟ್ಟರು. ವಯಸ್ಸು 48, ತೂಕ 54 ಕಿಲೋ, ಊರು ಕುಂದಾಪುರದ ಕಡೆ. ಜುಲೈ ತಿಂಗಳ ಒಂದು ಸೋಮವಾರ, ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವಿನಲ್ಲಿ, ಒಬ್ಬ ಮಾಣಿಯ ಹೆಗಲು ಹಿಡಿದುಕೊಂಡು ನನ್ನ ದವಾಖಾನೆಗೆ ಬಂದರು. ಕೂರುವಾಗ ಎಡಗೈ ಸೊಂಟದ ಮೇಲಿತ್ತು, ಬಲಗೈ ಮೇಜಿನ ಅಂಚನ್ನು ಹಿಡಿದಿತ್ತು.

"ಶೀತ ಬಂದು ಆರು ದಿನ ಆಯ್ತು ಡಾಕ್ಟ್ರೇ. ಮೂಗು ಸೋರುದು ನಿಂತಿತು, ಈಗ ಸೊಂಟ ಹಿಡ್ಕೊಂಡಿದೆ. ಬಗ್ಗಿದ್ರೆ ಏಳ್ಲಿಕ್ಕೆ ಆಗುದಿಲ್ಲ. ಕಿಡ್ನಿಗೆ ಏನಾದ್ರೂ ಆಯ್ತಾ ಅಂತ ಹೆದರಿಕೆ."

ಅವರ ಹೆದರಿಕೆ ಅರ್ಧ ನಿಜವಾಗಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆದರೆ ಸೊಂಟದ ನೋವು ಅಲ್ಲಿಂದ ಹುಟ್ಟಿದ್ದಾಗಿರಲಿಲ್ಲ. ನೋವು ಬೇರೆ ಕಡೆಯಿಂದ ಬಂದಿತ್ತು, ನೋವಿಗೆಂದು ನುಂಗಿದ ಮಾತ್ರೆಗಳು ಮೂತ್ರಪಿಂಡವನ್ನು ಸದ್ದಿಲ್ಲದೆ ಒಣಗಿಸುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಹೋಟೆಲಿನವರು, ಗಿರಣಿ ಬಿಟ್ಟು ಸೆಕ್ಯೂರಿಟಿ ಕೆಲಸ ಹಿಡಿದವರು, ಕಟ್ಟಡ ಕೆಲಸದ ವಿಜಯಪುರ ಕಲಬುರಗಿಯವರು, ಎಲ್ಲರೂ ಇದೇ ದಾರಿಯಲ್ಲಿ ಬರುತ್ತಾರೆ. ಹಾಗಾಗಿ ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಭಟ್ಟರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆರು ದಿನದಲ್ಲಿ ನಡೆದದ್ದು

ಬೆನ್ನುನೋವು ಅಂದ ಕೂಡಲೇ ಬೆನ್ನು ಒತ್ತಿ ನೋಡುವುದಕ್ಕಿಂತ ಮೊದಲು ದಿನಗಳ ಲೆಕ್ಕ ಹಾಕಬೇಕು ಎಂದು ನಾನು ನಂಬುತ್ತೇನೆ. ಭಟ್ಟರಿಗೆ ದಿನಾಂಕ ನೆನಪಿರಲಿಲ್ಲ, ಆದರೆ ಯಾವ ದಿನ ಎಷ್ಟು ಗಿರಾಕಿ ಇತ್ತು ಅನ್ನುವುದು ನೆನಪಿತ್ತು. ಅದರ ಮೇಲೆ ಎಲ್ಲವನ್ನೂ ಜೋಡಿಸಿಕೊಂಡೆವು.

ಬುಧವಾರ ಬೆಳಿಗ್ಗೆ ಗಂಟಲು ಕೆರೆತ, ಸೀನು. ಸಂಜೆಯ ಹೊತ್ತಿಗೆ ಮೂಗು ಸೋರತೊಡಗಿತು. ಅಂದು ರಾತ್ರಿ ಮತ್ತು ಗುರುವಾರ ಇಡೀ ದಿನ ಮೈಕೈ ನೋವು: ಬೆನ್ನು ಮೇಲಿನಿಂದ ಕೆಳಗಿನವರೆಗೆ, ತೊಡೆ, ಭುಜ. "ಎಲ್ಲಿ ಅಂತ ಬೆರಳಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ಲ, ಇಡೀ ಮೈ ಹಣ್ಣಾದ ಹಾಗೆ" ಎಂದರು. ಮೈ ಸ್ವಲ್ಪ ಬಿಸಿ ಇತ್ತು, ಚಳಿ ಹಿಡಿದು ನಡುಗಿದ್ದಿಲ್ಲ. ಶುಕ್ರವಾರ ಆ ನೋವು ಇಳಿದು ಕೆಮ್ಮು ಹತ್ತಿಕೊಂಡಿತು. ಕೆಲಸ ಒಂದು ದಿನವೂ ಬಿಟ್ಟಿರಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಹಿಟ್ಟಿನ ಪಾತ್ರೆಯನ್ನು ನೆಲದಿಂದ ಎತ್ತಲು ಬಗ್ಗಿದವರಿಗೆ ಸೀನು ಬಂತು. ಪಾತ್ರೆ ಕೈಯಲ್ಲಿದೆ, ಬಿಡುವಂತಿಲ್ಲ. ಬಗ್ಗಿದಲ್ಲೇ ಸೀನಿದರು. ಸೊಂಟದ ಎಡಗಡೆ ಚಳಕ್ ಎಂದು ಹಿಡಿದುಕೊಂಡಿತು. ಆಮೇಲೂ ಹನ್ನೊಂದು ಗಂಟೆಯವರೆಗೆ ಕಾವಲಿಯ ಮುಂದೆ ನಿಂತರು. ಶನಿವಾರ ಭಾನುವಾರ ಮಾಟುಂಗದ ಹೋಟೆಲುಗಳ ಮುಂದೆ ಎಷ್ಟು ಉದ್ದ ಸಾಲು ನಿಲ್ಲುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಭಟ್ಟರು "ಬೆನ್ನುನೋವು" ಎಂದು ಒಂದೇ ಹೆಸರಿನಲ್ಲಿ ಹೇಳುತ್ತಿದ್ದದ್ದು ಎರಡು ಬೇರೆ ನೋವುಗಳು. ಬುಧವಾರ ಗುರುವಾರದ್ದು ಒಂದು, ಶನಿವಾರದ್ದು ಇನ್ನೊಂದು. ನಡುವೆ ಒಂದು ದಿನ ಬಿಡುವು ಇತ್ತು. ಕಾರಣ ಬೇರೆ, ಹಾಗಾಗಿ ಮದ್ದೂ ಬೇರೆ.

ಮೂಗಿನ ಕಾಯಿಲೆಗೆ ಬೆನ್ನು ಯಾಕೆ ನೋಯುತ್ತದೆ

ಸಾಮಾನ್ಯ ನೆಗಡಿಯನ್ನು ತರುವ ವೈರಸ್‌ಗಳಲ್ಲಿ ದೊಡ್ಡ ಪಾಲು ರೈನೋವೈರಸ್‌ಗಳದ್ದು. ಅವುಗಳಲ್ಲಿ 150ಕ್ಕೂ ಹೆಚ್ಚು ಬಗೆಗಳಿವೆ. ಅದಕ್ಕೇ ಒಮ್ಮೆ ಬಂದುಹೋದರೂ ಮತ್ತೆ ಬರುತ್ತದೆ, ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ಬರುವುದು ಸಹಜ. ಈ ವೈರಸ್ ಮುಖ್ಯವಾಗಿ ಮೂಗು ಮತ್ತು ಗಂಟಲಿನ ಒಳಪೊರೆಯಲ್ಲಿ ಬೆಳೆಯುತ್ತದೆ. ಬೆನ್ನಿನ ಸ್ನಾಯುವಿಗೆ ಅದು ಹೋಗುವುದಿಲ್ಲ.

ಹೋಗುವುದು ಸುದ್ದಿ. ಸೋಂಕು ತಗಲಿದ ಜೀವಕೋಶಗಳು ಮತ್ತು ಅವುಗಳ ನೆರವಿಗೆ ಬಂದ ಬಿಳಿ ರಕ್ತಕಣಗಳು ಇಂಟರ್‌ಫೆರಾನ್, ಇಂಟರ್‌ಲೂಕಿನ್ ಮುಂತಾದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳ ಪ್ರಭಾವದಿಂದ ದೇಹದ ತುಂಬ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಹೆಚ್ಚುತ್ತದೆ. ಮಿದುಳಿನಲ್ಲಿ ಅದು ಮೈಯ ಬಿಸಿಯನ್ನು ಏರಿಸುತ್ತದೆ; ಸ್ನಾಯುಗಳಲ್ಲಿ ನೋವಿನ ನರತುದಿಗಳನ್ನು ಸೂಕ್ಷ್ಮಗೊಳಿಸುತ್ತದೆ. ನಿನ್ನೆಯವರೆಗೆ ಗಮನಕ್ಕೇ ಬಾರದಿದ್ದ ಸಣ್ಣ ಎಳೆತ, ದಣಿವು ಇವತ್ತು ನೋವಾಗಿ ತಿಳಿಯುತ್ತದೆ. ದಿನಕ್ಕೆ ಹತ್ತು ಗಂಟೆ ನಿಂತು ಮುಂದಕ್ಕೆ ಬಾಗಿ ಕೆಲಸ ಮಾಡುವವರ ಬೆನ್ನಿನಲ್ಲಿ ಇಂಥ ದಣಿವು ಮೊದಲೇ ಬೇಕಾದಷ್ಟು ಇರುತ್ತದೆ. ನೆಗಡಿಯಲ್ಲಿ ಅವರಿಗೆ ಬೆನ್ನೇ ಮೊದಲು ನೋಯುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈ ನೋವಿಗೆ ಅದರದೇ ಗುಣಗಳಿವೆ. ಎರಡೂ ಕಡೆ ಒಂದೇ ತರಹ ಇರುತ್ತದೆ. ಅಲುಗಾಡಿದರೂ ಮಲಗಿದರೂ ಹೆಚ್ಚು ಕಡಿಮೆ ಅಷ್ಟೇ. ಗಂಟಲು ಕೆರೆತದ ಜೊತೆ ಬಂದು ಎರಡು ಮೂರು ದಿನದಲ್ಲಿ ಹೊರಟುಹೋಗುತ್ತದೆ. ಬರೀ ನೆಗಡಿಯಲ್ಲಿ ಇದು ಸೌಮ್ಯವಾಗಿರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನದ ಹೊತ್ತಿಗೆ ಜೋರು ಜ್ವರ, ತಲೆನೋವು, ಹಾಸಿಗೆಯಿಂದ ಏಳಲಾರದಷ್ಟು ಮೈಕೈ ನೋವು ಎಂದು ಮಲಗಿದರೆ ಅದನ್ನು ನೆಗಡಿ ಎಂದು ಕರೆಯಬಾರದು. ಇನ್‌ಫ್ಲುಯೆಂಜಾವನ್ನೋ ಕೋವಿಡನ್ನೋ ಯೋಚಿಸಬೇಕು.

ಭಟ್ಟರ ಶನಿವಾರದ ನೋವು ಈ ಗುಂಪಿನದ್ದಲ್ಲ. ಅದು ಒಂದೇ ಕಡೆ, ಒಂದೇ ಜಾಗ. ಬಗ್ಗಿದಾಗ, ಕೆಮ್ಮಿದಾಗ, ಮಗ್ಗುಲು ತಿರುಗಿದಾಗ ಜೋರಾಗುತ್ತದೆ. ಮೊಣಕಾಲು ಮಡಚಿ ಒಂದು ಮಗ್ಗುಲಲ್ಲಿ ಸುಮ್ಮನೆ ಮಲಗಿದರೆ ತಗ್ಗುತ್ತದೆ. ಸೀನುವಾಗ ಹೊಟ್ಟೆಯ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ, ಬೆನ್ನಿನ ಸ್ನಾಯುಗಳು ಥಟ್ಟನೆ ಬಿಗಿಯುತ್ತವೆ. ಬಗ್ಗಿ ಭಾರ ಹಿಡಿದಿದ್ದಾಗ ಅದು ನಡೆದರೆ ಸ್ನಾಯುವಿನ ಎಳೆ ಉಳುಕುತ್ತದೆ. ಎಡಗಡೆ ಬೆನ್ನುಮೂಳೆಯ ಪಕ್ಕದ ಸ್ನಾಯುವನ್ನು ಮುಟ್ಟಿದರೆ ಹಗ್ಗದಂತೆ ಬಿಗಿದಿತ್ತು, ಒತ್ತಿದಲ್ಲಿ ಭಟ್ಟರು ಹಲ್ಲು ಕಚ್ಚಿದರು. ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿದಾಗ ನೋವು ಕಾಲಿಗೆ ಇಳಿಯಲಿಲ್ಲ. ಪಕ್ಕೆಲುಬಿನ ಕೆಳಗೆ, ಮೂತ್ರಪಿಂಡ ಇರುವ ಜಾಗದಲ್ಲಿ ಮೆಲ್ಲಗೆ ಗುದ್ದಿದರೂ ನೋವಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

ಸ್ನಾಯು ಉಳುಕಿದೆ ಎಂದು ಗೊತ್ತಾದ ಮೇಲೆ ಒಂದು ಮುಲಾಮು ಬರೆದು ಕಳಿಸಿಬಿಡಬಹುದಿತ್ತು. ಮುಂಬಯಿಯ ಜುಲೈಯಲ್ಲಿ ಹಾಗೆ ಮಾಡಲಿಕ್ಕಾಗುವುದಿಲ್ಲ.

ಕಾಲಿನಲ್ಲಿ ಶಕ್ತಿ ಇದೆಯಾ, ಮೆಟ್ಟಿಲು ಹತ್ತುವಾಗ ಕಾಲು ಸೋತುಬರುತ್ತದಾ, ತೊಡೆಗಳ ನಡುವೆ ಮರಗಟ್ಟಿದ ಹಾಗಿದೆಯಾ, ಮೂತ್ರ ಕಟ್ಟಿಕೊಂಡಿದೆಯಾ ಎಂದು ಕೇಳಿದೆ. ಬೆನ್ನುಹುರಿಯ ಕೊನೆಯ ನರಗಳು ಅದುಮಿಕೊಂಡರೆ ಹೀಗಾಗುತ್ತದೆ, ಆಗ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಹೋಗಬೇಕು. ಸೋಂಕಿನ ನಂತರ ಬರುವ ಗಿಯಾನ್-ಬಾರೆ ಎಂಬ ನರದ ಕಾಯಿಲೆ ಕೆಲವೊಮ್ಮೆ ಬೆನ್ನುನೋವಿನಿಂದಲೇ ಶುರುವಾಗಿ ಕಾಲಿನ ಶಕ್ತಿಯನ್ನು ಕಸಿಯುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಅದು ಒಟ್ಟೊಟ್ಟಿಗೆ ಹಲವರಲ್ಲಿ ಕಾಣಿಸಿಕೊಂಡ ಮೇಲೆ ಕಾಲಿನ ಶಕ್ತಿಯನ್ನು ನಾನು ಕೇಳಿ ಬಿಡುವುದಿಲ್ಲ, ಹಿಮ್ಮಡಿಯ ಮೇಲೆ, ಬೆರಳ ತುದಿಯ ಮೇಲೆ ನಡೆಸಿಯೇ ನೋಡುತ್ತೇನೆ. ಭಟ್ಟರು ನೋವಿನಿಂದ ಮುಖ ಹಿಂಡಿಕೊಂಡೇ ನಡೆದರು, ಶಕ್ತಿ ಸರಿಯಿತ್ತು.

ಉಸಿರೆಳೆದಾಗ ಬೆನ್ನಿನ ಮೇಲ್ಭಾಗ ಚುಚ್ಚುತ್ತದಾ? ಇಲ್ಲ, ಶ್ವಾಸಕೋಶ ಸ್ಪಷ್ಟವಾಗಿತ್ತು, ಆಮ್ಲಜನಕ 98. ಮೂತ್ರದಲ್ಲಿ ಉರಿ? ಇಲ್ಲ. ಬಣ್ಣ? "ಹಳದಿ ಅಂದ್ರೆ ಗಟ್ಟಿ ಹಳದಿ ಡಾಕ್ಟ್ರೇ, ದಿನಕ್ಕೆ ಎರಡು ಸಲ ಆದ್ರೆ ಹೆಚ್ಚು." ಈ ಉತ್ತರವನ್ನು ಗುರುತು ಹಾಕಿಕೊಂಡೆ.

ಕೊನೆಗೆ, ಮಳೆಗಾಲದಲ್ಲಿ ಇಲ್ಲಿ ಯಾರು ಮೈಕೈ ನೋವು ಎಂದರೂ ಕೇಳುವ ಪ್ರಶ್ನೆ: ನಿಂತ ನೀರಿನಲ್ಲಿ ನಡೆದಿದ್ದೀರಾ?

ನಡೆದಿದ್ದರು. ಶೀತ ಶುರುವಾಗುವ ಮೂರು ದಿನ ಮೊದಲು, ಭಾನುವಾರದ ಜೋರು ಮಳೆಯಲ್ಲಿ, ಕಿಂಗ್ಸ್ ಸರ್ಕಲ್ ಸ್ಟೇಷನ್ನಿನಿಂದ ಗಾಂಧಿ ಮಾರ್ಕೆಟ್ ಬದಿಯಿಂದ ಬರುವಾಗ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದರು. ಹಿಮ್ಮಡಿ ನೋಡಿದೆ, ಎರಡರಲ್ಲೂ ಆಳವಾದ ಬಿರುಕು.

ಲೆಪ್ಟೊಸ್ಪೈರೋಸಿಸ್, ನಮ್ಮ ಕಡೆ ಇಲಿಜ್ವರ ಎನ್ನುವ ಕಾಯಿಲೆ, ಇಲಿ ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಚರ್ಮದ ಬಿರುಕಿನ ಮೂಲಕ ಬರುತ್ತದೆ. ನೀರು ತಾಗಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ, ತಲೆನೋವು, ಸೊಂಟ ಮತ್ತು ಮೀನಖಂಡದ ನೋವು, ಕೆಂಗಣ್ಣು ಕಾಣಿಸುತ್ತದೆ. ಮುಂದೆ ಮೂತ್ರಪಿಂಡ ಮತ್ತು ಯಕೃತ್ತನ್ನು ಹಿಡಿಯಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲಿನ ವಾರಗಳಲ್ಲಿ ಈ ಕಾಯಿಲೆ ಮುಂಬಯಿಯಲ್ಲಿ ಹರಡಿದ್ದನ್ನು ಆಗ ಇಲ್ಲಿದ್ದ ಯಾವ ವೈದ್ಯರೂ ಮರೆಯಲಾರರು. ಮಳೆ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆಮಾತ್ರೆ ತೆಗೆದುಕೊಳ್ಳಿ ಎಂದು ಮಹಾನಗರಪಾಲಿಕೆ ಪ್ರತಿ ಮಳೆಗಾಲ ಹೇಳುವುದು ಇದೇ ಕಾರಣಕ್ಕೆ. ಹೋಟೆಲಿನ ಹುಡುಗರಿಗೆ ಈ ಮಾತು ತಲುಪುವುದೇ ಇಲ್ಲ. ತಲುಪಿದರೂ ಅದು ಮರಾಠಿ ಹಿಂದಿಯ ಫಲಕದಲ್ಲಿ ನಿಂತುಬಿಡುತ್ತದೆ.

ಭಟ್ಟರಿಗೆ ಕಣ್ಣು ಕೆಂಪಾಗಿರಲಿಲ್ಲ, ಮೀನಖಂಡ ಹಿಂಡಿದರೆ ನೋವಿರಲಿಲ್ಲ. ಮೂಗು ಸೋರಿಕೆ, ಸೀನು ಇಲಿಜ್ವರದ ಲಕ್ಷಣಗಳಲ್ಲ. ಥರ್ಮಾಮೀಟರ್ 98.6 ತೋರಿಸಿತು. ಆದರೆ ಈ ಕೊನೆಯ ಅಂಕಿಯನ್ನು ನಂಬುವ ಹಾಗಿರಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಮಾಣಿ ಭಟ್ಟರ ಶರ್ಟಿನ ಜೇಬಿನಿಂದ ಮಾತ್ರೆಗಳನ್ನು ತೆಗೆದು ಮೇಜಿನ ಮೇಲಿಟ್ಟಿದ್ದ.

ಮೂರು ಸ್ಟ್ರಿಪ್, ಒಂದೇ ಔಷಧಿ

ಮೊದಲನೆಯದು ಬುಧವಾರ ಮೆಡಿಕಲಿನಿಂದ ತಂದ ಶೀತದ ಮಾತ್ರೆ, ದಿನಕ್ಕೆ ಮೂರು. ಅದರಲ್ಲಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಮೂಗು ಕಟ್ಟಿದ್ದಕ್ಕೆ ಫಿನೈಲೆಫ್ರಿನ್, ಸೀನಿಗೆ ಕ್ಲೋರ್‌ಫೆನಿರಮಿನ್. ಎರಡನೆಯದು ಮೈಕೈ ನೋವಿಗೆಂದು ರೂಮಿನ ಜೊತೆಗಾರ ಕೊಟ್ಟ 650ರ ಪ್ಯಾರಾಸಿಟಮಾಲ್, ಗುರುವಾರದಿಂದ ದಿನಕ್ಕೆ ಮೂರು. ಮೂರನೆಯದು ಸೊಂಟ ಹಿಡಿದ ಶನಿವಾರದಿಂದ ಬೆಳಿಗ್ಗೆ ರಾತ್ರಿ ಒಂದೊಂದು, ಅಸಿಕ್ಲೋಫೆನಾಕ್ 100 ಮಿಲಿಗ್ರಾಂ ಜೊತೆಗೆ ಮತ್ತೆ ಪ್ಯಾರಾಸಿಟಮಾಲ್ 325.

ಕೂಡಿದರೆ ದಿನಕ್ಕೆ 4,100 ಮಿಲಿಗ್ರಾಂ ಪ್ಯಾರಾಸಿಟಮಾಲ್. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ದಾಟಬಾರದ ಮಿತಿ 4,000. ತೂಕ ಕಡಿಮೆ ಇದ್ದು, ಬಾಯಿಗೆ ರುಚಿ ಇಲ್ಲದೆ ಊಟ ಬಿಟ್ಟವರಿಗೆ ಸುರಕ್ಷಿತ ಮಿತಿ ಅದಕ್ಕಿಂತಲೂ ಕೆಳಗೆ. ಭಟ್ಟರ ಕಣ್ಣಿಗೆ ಅವು ಮೂರು ಬೇರೆ ಮಾತ್ರೆ: ಒಂದು ಶೀತಕ್ಕೆ, ಒಂದು ಮೈಕೈ ನೋವಿಗೆ, ಒಂದು ಸೊಂಟಕ್ಕೆ. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ವಸ್ತುವಿನ ಹೆಸರು ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಅವರನ್ನು ನಾನು ದೂರುವುದಿಲ್ಲ. ಜ್ವರವನ್ನು ಇಷ್ಟು ಪ್ಯಾರಾಸಿಟಮಾಲ್ ಮುಚ್ಚಿಟ್ಟಿರುವಾಗ ಥರ್ಮಾಮೀಟರಿನ 98.6ಕ್ಕೆ ಅರ್ಥವೇ ಉಳಿದಿರಲಿಲ್ಲ.

"ಬೇರೆ ಏನಾದರೂ ದಿನಾ ತಗೊಳ್ತೀರಾ ಭಟ್ರೇ?"

"ಬಿಪಿಗೆ ಒಂದು. ಅದು ಊರಿನ ಡಾಕ್ಟ್ರು ಕೊಟ್ಟದ್ದು, ಎರಡು ವರ್ಷ ಆಯ್ತು. ಅದನ್ನು ಮಾತ್ರ ತಪ್ಪಿಸುದಿಲ್ಲ."

ಆ ಮಾತ್ರೆಯಲ್ಲಿ ಎರಡು ಔಷಧಿ: ಟೆಲ್ಮಿಸಾರ್ಟಾನ್ 40, ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ 12.5. ಅಷ್ಟು ನಿಷ್ಠೆಯಿಂದ ತೆಗೆದುಕೊಂಡರೂ ಅಂದು ಬಿಪಿ 158/98 ಇತ್ತು. ಫಿನೈಲೆಫ್ರಿನ್ ರಕ್ತನಾಳಗಳನ್ನು ಬಿಗಿಸುತ್ತದೆ, ಅಸಿಕ್ಲೋಫೆನಾಕ್‌ನಂಥ ನೋವುಮಾತ್ರೆಗಳು ಉಪ್ಪು ನೀರನ್ನು ಮೈಯಲ್ಲಿ ಉಳಿಸಿ ಬಿಪಿ ಮಾತ್ರೆಯ ಕೆಲಸವನ್ನು ಕೆಡಿಸುತ್ತವೆ.

ಮೂತ್ರಪಿಂಡದ ವಿಷಯ ಇನ್ನೂ ಗಂಭೀರ. ಆಸ್ಪಿರಿನ್ ತರಹದ ನೋವುಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆದು ಕೆಲಸ ಮಾಡುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಸಿಕ್ಕಿದ್ದು ಈ ಸರಣಿಯ ಕೆಲಸಕ್ಕೆ. ಬೆನ್ನಿನಲ್ಲಿ ನೋವು ಹೆಚ್ಚಿಸುವ ಇದೇ ವಸ್ತು, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹೋಗುವ ನಾಳವನ್ನು ತೆರೆದಿಡುತ್ತದೆ. ಮಾತ್ರೆಗೆ ಬೆನ್ನು ಯಾವುದು, ಮೂತ್ರಪಿಂಡ ಯಾವುದು ಎಂಬ ಭೇದ ಗೊತ್ತಿಲ್ಲ, ಎರಡೂ ಕಡೆ ತಡೆಯುತ್ತದೆ.

ಭಟ್ಟರಿಗೆ ಊರಿನಲ್ಲಿ ಗದ್ದೆ ಇದೆ, ಹಾಗಾಗಿ ಗದ್ದೆಯ ಮಾತಿನಲ್ಲೇ ಹೇಳಿದೆ. ಗದ್ದೆಗೆ ನೀರು ಬರುವ ಕಂಡಿಯನ್ನು ಸೊಂಟದ ಮಾತ್ರೆ ಕಿರಿದು ಮಾಡಿತು. ನೀರು ಹೊರಗೆ ಹೋಗುವ ಕಂಡಿಯನ್ನು ಟೆಲ್ಮಿಸಾರ್ಟಾನ್ ಅಗಲ ಮಾಡಿಟ್ಟಿದೆ. ಅದು ಅದರ ಕೆಲಸ, ಬೇರೆ ದಿನಗಳಲ್ಲಿ ಅದರಿಂದ ಒಳ್ಳೆಯದೇ. ಮೂತ್ರ ಹೆಚ್ಚಿಸುವ ಔಷಧಿ ತೋಡಿನ ನೀರನ್ನೇ ಇಳಿಸಿದೆ, ಅದರ ಮೇಲೆ ಕಾವಲಿಯ ಬಿಸಿಗೆ ಬೆವರು, ಶೀತಕ್ಕೆ ಊಟ ಬಿಟ್ಟದ್ದು. ಗದ್ದೆಯಲ್ಲಿ ನೀರು ನಿಲ್ಲುವುದು ಹೇಗೆ?

ಈ ಮೂರು ಔಷಧಿಗಳ ಕೂಟ ವೈದ್ಯಕೀಯದಲ್ಲಿ ಹೊಸ ವಿಷಯವಲ್ಲ. ಆದರೂ ಬಿಪಿ ಮಾತ್ರೆ ಬರೆಯುವವರು "ಮೈಕೈ ನೋವಿಗೆ ಮೆಡಿಕಲಿನಿಂದ ಮಾತ್ರೆ ತಗೋಬೇಡಿ" ಎಂಬ ಒಂದು ಸಾಲನ್ನು ಹೇಳುವುದು ಕಡಿಮೆ.

ವರದಿ ಬಂದ ಸಂಜೆ

ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಗ್ಗಿದರೆ ರಕ್ತದಲ್ಲಿ ಏರುವ ವಸ್ತು) 1.6. ಹಿಂದಿನ ವರ್ಷ ಊರಿನಲ್ಲಿ ಮಾಡಿಸಿದ ವರದಿಯ ಫೋಟೋ ಅವರ ಹೆಂಡತಿ ವಾಟ್ಸಾಪಿನಲ್ಲಿ ಕಳಿಸಿದರು, ಆಗ 0.9 ಇತ್ತು. ಯಕೃತ್ತಿನ ಸ್ಥಿತಿ ಹೇಳುವ ಎಸ್‌ಜಿಪಿಟಿ 62, ಸ್ವಲ್ಪ ಹೆಚ್ಚು. ಪ್ಲೇಟ್‌ಲೆಟ್ 2.1 ಲಕ್ಷ, ಬಿಳಿ ರಕ್ತಕಣ, ಬಿಲಿರುಬಿನ್ ಎಲ್ಲ ಸರಿ. ಮಲೇರಿಯಾ ಇಲ್ಲ, ಡೆಂಗಿ ಇಲ್ಲ. ಮೂತ್ರ ಗಟ್ಟಿಯಾಗಿತ್ತು, ಆದರೆ ಅದರಲ್ಲಿ ರಕ್ತವಾಗಲಿ ಪ್ರೋಟೀನ್ ಆಗಲಿ ಇರಲಿಲ್ಲ. ಇಲಿಜ್ವರದ ಐಜಿಎಂ ಪರೀಕ್ಷೆ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವುದು) ನೆಗೆಟಿವ್.

ಏರಿದ ಕ್ರಿಯಾಟಿನಿನ್‌ಗೆ ಮಾತ್ರೆಗಳೇ ಕಾರಣ ಎಂದು ನನ್ನ ಅಂದಾಜು. ಆದರೆ ಇಲಿಜ್ವರವೂ ಮೂತ್ರಪಿಂಡವನ್ನೇ ಹಿಡಿಯುತ್ತದೆ, ಐಜಿಎಂ ಮೊದಲ ವಾರದಲ್ಲಿ ಸುಳ್ಳು ನೆಗೆಟಿವ್ ಬರುವುದುಂಟು, ಜ್ವರ ಇದೆಯೋ ಇಲ್ಲವೋ ತಿಳಿಯುವ ದಾರಿಯನ್ನು ಪ್ಯಾರಾಸಿಟಮಾಲ್ ಮುಚ್ಚಿತ್ತು. ಹಿಮ್ಮಡಿಯ ಬಿರುಕು ನನ್ನ ಕಣ್ಣ ಮುಂದಿತ್ತು. ಅಂದಾಜು ಸರಿಯಾಗಿ, ಇಲಿಜ್ವರಕ್ಕೆ ಕೊಡುವ ಆಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ವ್ಯರ್ಥವಾದರೆ ನಷ್ಟ ಸಣ್ಣದು. ಅಂದಾಜು ತಪ್ಪಿ ಔಷಧಿ ತಡವಾದರೆ ನಷ್ಟ ಬಹಳ ದೊಡ್ಡದು. ಹಾಗಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು, ಏಳು ದಿನ ಬರೆದೆ. ಊಟದ ನಂತರ ದೊಡ್ಡ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು. ಮಲಗಿದರೆ ಅದು ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ.

ಇದನ್ನು ಬರೆಯುವಾಗ ಒಂದು ಮಾತನ್ನು ಅವರಿಗೆ ಒತ್ತಿ ಹೇಳಿದೆ, ಇಲ್ಲೂ ಹೇಳುತ್ತೇನೆ. ಈ ಆಂಟಿಬಯಾಟಿಕ್ ಶೀತಕ್ಕೆ ಅಲ್ಲ. ಶೀತದ ವೈರಸ್ಸಿಗೆ ಯಾವ ಆಂಟಿಬಯಾಟಿಕ್ಕೂ ತಾಗುವುದಿಲ್ಲ. ಮುಂದಿನ ಸಲ ಶೀತ ಬಂದಾಗ "ಡಾಕ್ಟ್ರು ಆ ಸಲ ಇದನ್ನೇ ಕೊಟ್ಟಿದ್ದರು" ಎಂದು ಹಳೆಯ ಚೀಟಿ ತೋರಿಸಿ ತರಬಾರದು.

ಕೊಟ್ಟದ್ದು, ಬಿಡಿಸಿದ್ದು

ಮೂರೂ ಸ್ಟ್ರಿಪ್ ನಾನೇ ಇಟ್ಟುಕೊಂಡೆ. ಬಿಪಿಯ ಜೋಡಿ ಮಾತ್ರೆಯನ್ನು ನಿಲ್ಲಿಸಿ, ಮೂತ್ರಪಿಂಡ ಸುಧಾರಿಸುವವರೆಗೆ ಅಮ್ಲೋಡಿಪಿನ್ 5 ಕೊಟ್ಟೆ. ಇಂಥ ಬದಲಾವಣೆಯನ್ನು ಯಾರೂ ತಾವಾಗಿ ಮಾಡಿಕೊಳ್ಳಬಾರದು. ಆ ರಾತ್ರಿ ಪ್ಯಾರಾಸಿಟಮಾಲ್ ಬೇಡ, ಮರುದಿನದಿಂದ ತಡೆಯಲಾಗದಿದ್ದರೆ ಮಾತ್ರ 500ರದ್ದು, ದಿನಕ್ಕೆ ಮೂರು ಮೀರದಂತೆ. ಕುಡಿಯಲು ನೀರು, ಗಂಜಿ ತಿಳಿ, ನೀರು ಮಜ್ಜಿಗೆ. ಮೂತ್ರ ತಿಳಿ ಹಳದಿಗೆ ತಿರುಗುವವರೆಗೆ.

ಅವರ ಹೆಂಡತಿ ಫೋನಿನಲ್ಲಿ ಕೇಳಿದ್ದು ಕಷಾಯದ ಬಗ್ಗೆ. "ಕಾಳುಮೆಣಸು, ಜೀರಿಗೆ, ಶುಂಠಿ ಹಾಕಿ ಕುಡಿಬಹುದಾ ಡಾಕ್ಟ್ರೇ? ಸೊಂಟಕ್ಕೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ರೆ?" ಎರಡಕ್ಕೂ ಹೌದು ಎಂದೆ. ಬಿಸಿ ಕಷಾಯ ಗಂಟಲಿಗೆ ಹಿತ, ಅದರ ಜೊತೆ ನೀರೂ ಮೈಗೆ ಸೇರುತ್ತದೆ. ಉಳುಕಿದ ಸ್ನಾಯುವಿಗೆ ಬಿಸಿನೀರಿನ ಶಾಖ ನಿಜವಾಗಿಯೂ ಒಳ್ಳೆಯದು. ಉಜ್ಜುವುದು ಮೆಲ್ಲಗೆ ಇರಬೇಕು, ನೋವಿರುವಲ್ಲಿ ಒತ್ತಿ ಹಿಂಡಬಾರದು. ಅಮೃತಾಂಜನದಂಥ ಮುಲಾಮೂ ಆದೀತು (ಅದು ಹುಟ್ಟಿದ್ದು 1893ರಲ್ಲಿ, ಇದೇ ಮುಂಬಯಿಯಲ್ಲಿ). ಅದರ ಉರಿ ಮತ್ತು ತಂಪು ಸ್ವಲ್ಪ ಹೊತ್ತು ನೋವಿನ ಮೇಲಿನ ಗಮನವನ್ನು ತಗ್ಗಿಸುತ್ತದೆ, ಮೂತ್ರಪಿಂಡದ ಮೇಲೆ ನೋವುಮಾತ್ರೆಯಂಥ ಭಾರ ಹಾಕುವುದಿಲ್ಲ. ಕೆಮ್ಮಿಗೆ ಜೇನು, ಉಪ್ಪುನೀರಿನ ಗಾರ್ಗಲ್.

ಮಲಗುವ ವಿಷಯದಲ್ಲಿ ಭಟ್ಟರಿಗೂ ನನಗೂ ಸ್ವಲ್ಪ ವಾದವಾಯಿತು. ಹೋಟೆಲಿನ ಮೇಲಿನ ರೂಮಿನಲ್ಲಿ ಚಾಪೆಯ ಮೇಲೆ ನಾಲ್ಕು ದಿನ ಅಲ್ಲಾಡದೆ ಮಲಗಿದರೆ ಸರಿಹೋಗುತ್ತದೆ ಎಂದು ಅವರ ನಂಬಿಕೆ. ಉಳುಕಿದ ಸೊಂಟಕ್ಕೆ ಹಾಸಿಗೆ ಹಿಡಿಯುವುದು ಮದ್ದಲ್ಲ, ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಭಾರ ಎತ್ತುವುದು, ಬಾಗಿ ನಿಲ್ಲುವುದು ಬಿಡಬೇಕು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮಲಗುವಾಗ ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬು. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಅವಚಿಕೊಳ್ಳುವುದು. ಸೀನು ಬರುತ್ತದೆ ಅನ್ನಿಸಿದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ನೇರ ನಿಂತು, ಮೊಣಕಾಲು ಸ್ವಲ್ಪ ಮಡಚಿ, ಒಂದು ಕೈಯನ್ನು ಗೋಡೆಗೋ ಮೇಜಿಗೋ ಊರುವುದು. ಇದನ್ನು ದವಾಖಾನೆಯಲ್ಲೇ ಮಾಡಿಸಿ ನೋಡಿದೆ. ಮಾಣಿಯೂ ಪಕ್ಕದಲ್ಲಿ ನಿಂತು ಮಾಡಿದ.

ರಜೆ

"ನೀವು ಹೇಳುದೆಲ್ಲ ಸರಿ ಡಾಕ್ಟ್ರೇ. ಕಾವಲಿಗೆ ಯಾರು ನಿಲ್ಲುದು?"

ಈ ಪ್ರಕರಣದ ಬೇರು ಇಲ್ಲಿದೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಬುಧವಾರ ಗುರುವಾರದ ಮೈಕೈ ನೋವು ದೇಹ ತನಗೆ ವಿಶ್ರಾಂತಿ ಬೇಕೆಂದು ಕೇಳಿದ್ದು. ಎರಡು ದಿನ ಕೆಲಸ ಬಿಟ್ಟಿದ್ದರೆ ಎರಡನೆಯ ಸ್ಟ್ರಿಪ್ ಬೇಕಾಗುತ್ತಿರಲಿಲ್ಲ, ಪಾತ್ರೆ ಎತ್ತುವಾಗ ಸೀನು ಬರುತ್ತಿರಲಿಲ್ಲ, ಮೂರನೆಯ ಸ್ಟ್ರಿಪ್ಪಿನ ಮಾತೇ ಬರುತ್ತಿರಲಿಲ್ಲ. ಮೆಡಿಕಲಿನಲ್ಲಿ ಮಾತ್ರೆ ಸಿಗುತ್ತದೆ, ರಜೆ ಸಿಗುವುದಿಲ್ಲ. ಸಿಗುವುದನ್ನೇ ಕೆಲಸಗಾರ ತೆಗೆದುಕೊಳ್ಳುತ್ತಾನೆ. ಕ್ಲೋರ್‌ಫೆನಿರಮಿನ್ ನುಂಗಿ ತೂಕಡಿಸುತ್ತಾ ಬಿಸಿ ಕಾವಲಿಯ ಮುಂದೆ ನಿಲ್ಲುವುದರ ಅಪಾಯವನ್ನು ನಾನು ಬೇರೆಯಾಗಿ ಹೇಳಬೇಕಾಗಿಲ್ಲ. ಕೆಮ್ಮು ನೆಗಡಿ ಇರುವವರು ಊರಿಗೆಲ್ಲ ತಿಂಡಿ ಮಾಡಿ ಬಡಿಸುವುದೂ ಸರಿಯಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಅದರ ವ್ಯಾಪ್ತಿಗೆ ಬರುವ ಕೆಲಸಗಾರರಿಗೆ ವರ್ಷಕ್ಕೆ 8 ದಿನ ಸಂಬಳದ ಸಾಂದರ್ಭಿಕ ರಜೆ ಇದೆ. ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇದ್ದರೆ ವೈದ್ಯರ ಸರ್ಟಿಫಿಕೇಟಿನ ಮೇಲೆ ಕಾಯಿಲೆಯ ದಿನಗಳಿಗೆ ಸಂಬಳದ 70 ಶೇಕಡ ಸಿಗುತ್ತದೆ. ಭಟ್ಟರಿಗೆ ಎರಡೂ ಗೊತ್ತಿರಲಿಲ್ಲ. ಅವರ ಒಪ್ಪಿಗೆ ಪಡೆದು ಧಣಿಗೆ ನಾನೇ ಫೋನ್ ಮಾಡಿದೆ. ಅವರು ಹಳೆಯ ಕಾಲದವರು, ತಾವೂ ಹದಿಹರೆಯದಲ್ಲಿ ಲೋಟ ತೊಳೆಯಲು ಬಂದು ಮೇಲೆ ಬಂದವರು. ಕಿಡ್ನಿಯ ಮಾತು ಕೇಳಿ ಗಾಬರಿಯಾದರು. "ಅವ್ನು ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನಾ?" ಎಂದರು. ಅಂತಿರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಕೇಳುವುದೇ ಕಷ್ಟವಾಗಿರುವ ಜಾಗದಲ್ಲಿ, ಕೇಳಿದರೆ ಕೊಡುತ್ತಿದ್ದೆ ಅನ್ನುವುದು ಸಾಕಾಗುವುದಿಲ್ಲ. ಇದನ್ನು ಅವರಿಗೂ ಹೇಳಿದೆ, ಅವರು ಬೇಸರಪಡಲಿಲ್ಲ. ಹತ್ತು ದಿನ ರಜೆ ಸಿಕ್ಕಿತು. ಇಡ್ಲಿಯ ಕಡೆ ಇದ್ದ ಹುಡುಗ ಕಾವಲಿಗೆ ಬಂದ.

ಮುಂದೆ

ಬುಧವಾರ ಕ್ರಿಯಾಟಿನಿನ್ 1.2ಕ್ಕೆ ಇಳಿದಿತ್ತು. ಪ್ಯಾರಾಸಿಟಮಾಲ್ ಬಿಟ್ಟ ಮೇಲೂ ಜ್ವರ ಬಂದಿರಲಿಲ್ಲ. ಇಲಿಜ್ವರದ ಸಾಧ್ಯತೆ ಅಲ್ಲಿಗೆ ತುಂಬ ಕಡಿಮೆಯಾಯಿತು. ಹತ್ತು ದಿನದ ನಂತರದ ಎರಡನೆಯ ಐಜಿಎಂ ಪರೀಕ್ಷೆಯೂ ನೆಗೆಟಿವ್ ಬಂತು, ಕ್ರಿಯಾಟಿನಿನ್ 0.9ಕ್ಕೆ, ಎಸ್‌ಜಿಪಿಟಿ ಸಹಜ ಮಟ್ಟಕ್ಕೆ ಮರಳಿತು. ಬಿಪಿ 136/86. ಸೊಂಟನೋವು ಒಂದು ವಾರದಲ್ಲಿ ಬಹಳಷ್ಟು ಇಳಿದು, ಎರಡು ವಾರಕ್ಕೆ ಬಗ್ಗಿದಾಗ ಒಂದು ಸಣ್ಣ ಎಳೆತ ಮಾತ್ರ ಉಳಿಯಿತು. ಒಣಕೆಮ್ಮು ಮೂರನೆಯ ವಾರದವರೆಗೂ ಇತ್ತು. ನೆಗಡಿಯ ನಂತರ ಅಷ್ಟು ದಿನ ಕೆಮ್ಮು ಇರುವುದು ಸಾಮಾನ್ಯ, ಅದಕ್ಕೆ ಏನೂ ಕೊಡಲಿಲ್ಲ.

ಕೆಲಸಕ್ಕೆ ಮರಳುವಾಗ ಎರಡು ಬದಲಾವಣೆ ಮಾಡಿಸಿದೆವು. ಹಿಟ್ಟಿನ ಪಾತ್ರೆ ನೆಲದ ಮೇಲೆ ಇಡುವುದಿಲ್ಲ, ಸೊಂಟದ ಎತ್ತರದ ಕಟ್ಟೆಯ ಮೇಲೆ, ಎತ್ತುವಾಗ ಇಬ್ಬರು. ಕಾವಲಿಯ ಕೆಳಗೆ ಒಂದು ಗೇಣು ಎತ್ತರದ ಮಣೆ, ನಿಂತಾಗ ಒಂದೊಂದು ಕಾಲನ್ನು ಸರದಿಯಲ್ಲಿ ಅದರ ಮೇಲಿಡಲು.

ಊರಿನ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಬಿಪಿ ಮಾತ್ರೆಯಿಂದ ಹೈಡ್ರೋಕ್ಲೋರೋಥಯಜೈಡ್ ತೆಗೆದೆವು. ಇಡೀ ದಿನ ಒಲೆಯ ಮುಂದೆ ಬೆವರುವವರಿಗೆ ಅದು ಹೊಂದುವುದಿಲ್ಲ ಎಂಬ ನನ್ನ ಮಾತಿಗೆ ಅವರೂ ಒಪ್ಪಿದರು. ಈಗ ಟೆಲ್ಮಿಸಾರ್ಟಾನ್ ಮತ್ತು ಅಮ್ಲೋಡಿಪಿನ್ ನಡೆಯುತ್ತಿದೆ. ಭಟ್ಟರ ಪರ್ಸಿನಲ್ಲಿ ಕನ್ನಡದಲ್ಲಿ ಬರೆದ ಒಂದು ಚೀಟಿ ಇದೆ: ಬಿಪಿ ಮಾತ್ರೆಯ ಹೆಸರು, ತೆಗೆದುಕೊಳ್ಳಬಾರದ ನೋವುಮಾತ್ರೆಗಳ ಹೆಸರು, ಪ್ಯಾರಾಸಿಟಮಾಲ್ ಇರುವ ಮಾತ್ರೆ ಒಮ್ಮೆಗೆ ಒಂದೇ ಬಗೆಯದು. ಅದರ ನಕಲನ್ನು ಹೋಟೆಲಿನ ಹತ್ತಿರದ ಮೆಡಿಕಲಿನವರಿಗೂ ಕೊಟ್ಟಿದ್ದೇನೆ. ಕ್ರಿಯಾಟಿನಿನ್ ಮತ್ತು ಬಿಪಿಯ ಮುಂದಿನ ತಪಾಸಣೆ ದೀಪಾವಳಿಗೆ ಅವರು ಊರಿಗೆ ಹೊರಡುವ ಮೊದಲು.